ಟ್ರೇಯಲ್ಲಿ ಬಿದ್ದಿದ್ದ ಮೂರು ಕ್ಯಾಪು

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದಿದ್ದ ಒಬ್ಬ ಹುಡುಗನ ಕಥೆ ಇದು, ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ, ಹೆಸರು ಊರು ಹೇಳಲ್ಲ, ಗುರುತು ಸಿಗೋ ಒಂದೆರಡು ವಿವರ ಬದಲಾಯ್ಸಿದೀನಿ. ತುಮಕೂರು ಕಡೆಯವನು, ವಯಸ್ಸು 22. ಐಟಿಐಲಿ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಮುಗಿಸಿ, ಒಂದೂವರೆ ವರ್ಷ ಗ್ಯಾರೇಜೊಂದ್ರಲ್ಲಿ ಹೆಲ್ಪರ್ ಆಗಿದ್ದು, ಆಮೇಲೆ ಊರಲ್ಲೇ ಸ್ವಂತ ಶೆಡ್ ಹಾಕ್ಕೊಂಡಿದ್ದ. ಆಯಿಲ್ ಚೇಂಜು, ಬ್ರೇಕ್ ಶೂ, ಕ್ಲಚ್ ಪ್ಲೇಟು, ಇಷ್ಟರಲ್ಲಿ ಕೈ ಕುದುರಿತ್ತು. ಕರ್ಕೊಂಡು ಬಂದಿದ್ದು ಅವನ ಅಕ್ಕ. "ಊಟ ಬಿಟ್ಟಿದಾನೆ ಮೇಡಂ, ಫೋನ್ ಆಫ್ ಮಾಡ್ಕೊಂಡು ಮನೇಲೇ ಮಲಗಿರ್ತಾನೆ, ಮಲಗಿರ್ತಾನೆ ಅಷ್ಟೇ, ನಿದ್ದೆ ಮಾಡಲ್ಲ" ಅಂದ್ಲು.

ಮೊದಲ ಅರ್ಧ ಗಂಟೆ ಅವನು ಮಾತೇ ಆಡ್ಲಿಲ್ಲ. ಮೆಕ್ಯಾನಿಕ್ ಹುಡುಗನ ಉಗುರಲ್ಲಿ ಒಂಚೂರೂ ಗ್ರೀಸ್ ಕಾಣ್ಲಿಲ್ಲ, ಅದನ್ನ ನೋಡಿ ಕೆಲಸ ಬಿಟ್ಟು ಎಷ್ಟು ದಿನ ಆಯ್ತಪ್ಪ ಅಂದೆ. "ಹತ್ತೊಂಬತ್ತು ದಿನ" ಅಂದ. ಲೆಕ್ಕ ಇಟ್ಟಿದ್ದ.

ಆಮೇಲೆ ನಿಧಾನಕ್ಕೆ ಕಥೆ ಬಂತು. ಹೂವಿನ ವ್ಯಾಪಾರಿ ಒಬ್ರು ಹಳೇ ಮಾರುತಿ ಓಮ್ನಿ ಇಟ್ಕೊಂಡು ಬೆಳಗಿನ ಜಾವ ಮಾರ್ಕೆಟ್ಟಿಗೆ ಮಾಲು ಹೊಡೀತಿದ್ರು, ರೇಡಿಯೇಟರ್ ಪೈಪ್ ಒಡೆದು ನೀರು ಖಾಲಿ ಆಗಿದ್ದು ಗೊತ್ತಾಗ್ದೆ ಓಡ್ಸಿದಾರೆ, ಎಂಜಿನ್ ಕಾದು ನಿಂತಿದೆ. ಇವನು ಡಿಪ್‌ಸ್ಟಿಕ್ ಎಳೆದು ನೋಡಿದ್ರೆ ಆಯಿಲ್ಲು ಹಾಲು ಹಾಕಿದ ಟೀ ಬಣ್ಣ. ನೀರು ಆಯಿಲ್ಲಿಗೆ ಸೇರಿದೆ, ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದ ಥರ ಕೂರೋ ಹೆಡ್ಡಿಗೂ ಮಧ್ಯೆ ಇರೋ ಸೀಲು, ಹೋಗಿದೆ ಅಂತ ಸರಿಯಾಗೇ ಹೇಳಿದಾನೆ. "ನೀನೇ ಮಾಡ್ತೀಯಾ?" ಅಂತ ಅವರು ಕೇಳಿದ್ದಕ್ಕೆ "ಎಷ್ಟೋ ಮಾಡಿದೀನಿ ಅಣ್ಣ" ಅಂದ್ಬಿಟ್ಟಿದಾನೆ. ಒಂದೂ ಮಾಡಿರ್ಲಿಲ್ಲ. 8000 ರೂಪಾಯಿ ಅಡ್ವಾನ್ಸ್ ಬೇರೆ ಈಸ್ಕೊಂಡಿದಾನೆ.

ಹೊಸ ಗ್ಯಾಸ್ಕೆಟ್ ಹಾಕಿ ಗಾಡಿ ಕೊಟ್ಟ, ನಾಲ್ಕನೇ ದಿನಕ್ಕೆ ಮತ್ತೆ ಅದೇ. ಅಷ್ಟು ಕಾದ ಅಲ್ಯೂಮಿನಿಯಂ ಹೆಡ್ಡು ಬಾಗಿರುತ್ತೆ, ಅದರ ಮೇಲೆ ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ ಅನ್ನೋ ತೆಳು ಲೋಹದ ಎಲೆಗಳನ್ನ ತೂರಿಸಿ ನೋಡ್ಬೇಕು, 0.05 ಮಿ.ಮೀ. ಎಲೆ ಒಳಗೆ ಹೋಗೋದಾದ್ರೆ ಎಂಜಿನಿಯರಿಂಗ್ ವರ್ಕ್ಸ್‌ಗೆ ಕೊಟ್ಟು ಫೇಸಿಂಗ್ ಮಾಡಿಸ್ಬೇಕು, ಅಂದ್ರೆ ಮೇಲ್ಮೈ ಸಮ ಮಾಡಿಸ್ಬೇಕು, ಇದೆಲ್ಲ ಆಮೇಲೆ ಕಲಿತು ನಂಗೆ ಹೇಳ್ಕೊಟ್ಟಿದ್ದು ಅವನೇ. ಆದ್ರೆ ಅವತ್ತು ಅದು ಅವನಿಗೇ ಗೊತ್ತಿರ್ಲಿಲ್ಲ, ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಟಾರ್ಕ್ ರೆಂಚ್ ಕೂಡ ಇಲ್ದೆ ಬೋಲ್ಟೆಲ್ಲ ಕೈ ಅಂದಾಜಲ್ಲೇ ಬಿಗಿ ಮಾಡಿದ್ದ.

ಅಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿತ್ತು. ಗಾಬರಿ ಆಗಿ, ಒಳಗಡೆನೂ ಏನೋ ಹೋಗಿರ್ಬೇಕು ಅಂತ, ರಾತ್ರೋರಾತ್ರಿ ಪಿಸ್ಟನ್, ಕನೆಕ್ಟಿಂಗ್ ರಾಡು, ಕ್ರ್ಯಾಂಕು ಎಲ್ಲ ಬಿಚ್ಚಿದಾನೆ. ಮೂರು ಸಿಲಿಂಡರ್ ಎಂಜಿನ್ನು, ಮೂರು ರಾಡು, ಆ ರಾಡನ್ನ ಕ್ರ್ಯಾಂಕಿಗೆ ಹಿಡಿದಿಡೋ ಅರ್ಧ ಬಳೆ ಥರದ ಮೂರು ಕ್ಯಾಪು, ಗುರುತು ಹಾಕ್ದೆ ಕ್ಯಾಪೆಲ್ಲ ಒಂದೇ ಟ್ರೇಗೆ ಹಾಕಿದಾನೆ. "ಯಾವ ಕ್ಯಾಪ್ ಯಾವ ರಾಡಿಂದು ಅಂತಾನೇ ಗೊತ್ತಾಗ್ತಿಲ್ಲ ಮೇಡಂ" ಅಂದವನೇ ಅಳೋಕೆ ಶುರು ಮಾಡ್ದ. ರಾಡು ಕ್ಯಾಪು ಎರಡನ್ನೂ ಜೋಡಿಸಿಟ್ಟೇ ತೂತು ಕೊರೆದಿರ್ತಾರಂತೆ, ಜೋಡಿ ತಪ್ಪಿದ್ರೆ ಬೇರಿಂಗ್ ಜಾಮ್ ಆಗುತ್ತೆ.

ಸಾಯೋ ಯೋಚನೆ ಏನಾದ್ರೂ ಬಂದಿದೆಯಾ ಅಂತ ನೇರವಾಗೇ ಕೇಳ್ದೆ. ಇಂಥದ್ದನ್ನ ಸುತ್ತಿ ಬಳಸಿ ಕೇಳ್ಬಾರ್ದು. ಇಲ್ಲ, ಬೆಂಗಳೂರಿಗೆ ಓಡೋಗಿ ಎಲ್ಲಾದ್ರೂ ಡೆಲಿವರಿ ಕೆಲಸ ಮಾಡೋಣ ಅನ್ಸಿತ್ತು ಅಂದ. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವನಿಗೂ ಅಕ್ಕನಿಗೂ ಬರೆದುಕೊಟ್ಟೆ, ಕನ್ನಡದಲ್ಲೇ ಮಾತಾಡ್ಬಹುದು, ಹೊತ್ತಲ್ಲದ ಹೊತ್ತಲ್ಲೂ ಎತ್ತುತಾರೆ.

ಎರಡನೇ ಸಲ ಬಂದಾಗ ಒಂದು ದೊಡ್ಡ ಹಾಳೆ ಕೊಟ್ಟು, ಆ ಎಂಜಿನ್ ವಾಪಸ್ ಕೂರ್ಸೋಕೆ ಏನೇನು ಕೆಲಸ ಇದೆ ಎಲ್ಲಾ ಬರಿ, ನೀನೇ ಮಾಡಿರೋದಕ್ಕೆ ಒಂದು ಗುರುತು, ಬರೀ ನೋಡಿರೋದಕ್ಕೆ ಇನ್ನೊಂದು, ಗೊತ್ತೇ ಇಲ್ದಿರೋದಕ್ಕೆ ಮತ್ತೊಂದು ಹಾಕು ಅಂದೆ. ಮುಕ್ಕಾಲು ಗಂಟೆ ತಲೆ ಎತ್ತದೆ ಬರೆದ. ಇಪ್ಪತ್ತಾರು ಕೆಲಸ ಆಯ್ತು, ಅದರಲ್ಲಿ ಗೊತ್ತೇ ಇಲ್ದಿದ್ದು ನಾಲ್ಕು: ಹೆಡ್ ಫೇಸ್ ನೋಡೋದು, ಪಿಸ್ಟನ್ ರಿಂಗ್ ಗ್ಯಾಪು, ಬೇರಿಂಗ್ ಕ್ಲಿಯರೆನ್ಸು, ಆ ಕ್ಯಾಪ್ ಜೋಡಿ. ಹತ್ತೊಂಬತ್ತು ದಿನ ಇಡೀ ಎಂಜಿನ್ನೇ ಎದೆ ಮೇಲೆ ಹೊತ್ಕೊಂಡಿದ್ದವನು ಆ ನಾಲ್ಕು ಸಾಲನ್ನ ಎರಡು ಮೂರು ಸಲ ಎಣಿಸ್ದ.

ಈ ನಾಲ್ಕನ್ನ ಯಾರನ್ನಾದ್ರೂ ಕೇಳೋಕೆ ಏನು ಕಷ್ಟ ಅಂದಿದ್ದಕ್ಕೆ ಬಂದ ಉತ್ತರ ನಂಗೆ ಇವತ್ತಿಗೂ ಸಂಕಟ ಆಗುತ್ತೆ. ಹೆಲ್ಪರ್ ಆಗಿದ್ದಾಗ ಏನಾದ್ರೂ ಕೇಳಿದ್ರೆ ಗ್ಯಾರೇಜಿನವರಿಂದ ಅಮ್ಮ ಅಕ್ಕ ಸೇರಿಸಿ ಬೈಗುಳ, ಒಂದ್ಸಲ ಸ್ಪ್ಯಾನರ್ ತಗೊಂಡು ಮೊಣಕೈಗೇ ಹೊಡೆದಿದ್ರಂತೆ. ಗೊತ್ತಾಯ್ತೇನೋ ಅಂದ್ರೆ ಹೂಂ ಅನ್ಬೇಕು ಅಷ್ಟೇ. ಆ ಹೂಂನೇ ಓಮ್ನಿ ಅಣ್ಣನ ಮುಂದೆ "ಎಷ್ಟೋ ಮಾಡಿದೀನಿ" ಆಗಿ ಬಾಯಿಂದ ಬಂದಿದೆ. ಕೆಲಸ ಕಲಿಯೋಕೆ ಬಂದ ಮಕ್ಕಳನ್ನ ಪ್ರಶ್ನೆ ಕೇಳಿದ್ದಕ್ಕೆ ಹೊಡೆಯೋದು ದೊಡ್ಡ ತಪ್ಪು, ನಾನಿದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ.

ನಾನು ಕೊಟ್ಟ ಸಲಹೆ ಇಷ್ಟೇ. ಧೈರ್ಯ ಬರ್ಲಿ ಅಂತ ಕಾಯ್ಬೇಡ, ಇವತ್ತು ಸಾಯಂಕಾಲವೇ ಆ ಅಣ್ಣನ ಮನೆಗೆ ಹೋಗು, ಅಕ್ಕನ್ನ ಕಳಿಸ್ಬೇಡ, ನೀನೇ ಹೋಗು. ಮೊದಲನೇ ಮಾತೇ "ನಾನು ಸುಳ್ಳು ಹೇಳಿದ್ದೆ, ಈ ಕೆಲಸ ಮೊದಲು ಮಾಡಿರ್ಲಿಲ್ಲ" ಅಂತ ಇರ್ಲಿ, ಆಮೇಲೆ ಎಂಜಿನ್ ಈಗ ಯಾವ ಸ್ಥಿತೀಲಿದೆ, ಯಾರ ಹತ್ರ ಒಯ್ತೀನಿ, ಯಾವತ್ತಿಗೆ ಗಾಡಿ ಕೊಡ್ತೀನಿ, ದುಡ್ಡು ಯಾರು ಹಾಕ್ತಾರೆ ಹೇಳು. ಬೈದ್ರೆ ಬೈಸ್ಕೋ, ಅವರ ವ್ಯಾಪಾರ ನಿಂತಿದೆ, ಬೈಯೋ ಹಕ್ಕಿದೆ. ಬೆಳಿಗ್ಗೆ ಎದ್ದು ಆ ಬ್ಲಾಕು, ಹೆಡ್ಡು, ಟ್ರೇ ಸಮೇತ ಗೊತ್ತಿರೋ ಮೇಸ್ತ್ರಿ ಹತ್ರ ಹೋಗು, ಅಳತೆ ಆಗೋವರೆಗೂ ಒಂದು ಬೋಲ್ಟೂ ಹಾಕ್ಬೇಡ. ಯೂಟ್ಯೂಬ್ ನೋಡ್ಕೊಂಡು ಕೂರ್ಸಿಬಿಡು ಅಂತ ಸ್ನೇಹಿತರು ಹೇಳ್ತಿದ್ರು, ಅದನ್ನ ಬೇಡವೇ ಬೇಡ ಅಂದೆ, ಇನ್ನೊಬ್ಬರ ಅನ್ನದ ಗಾಡಿ ಅದು.

ಅವನು ಎರಡು ಪುಟ ಕ್ಷಮಾಪಣೆ ಬರ್ಕೊಂಡಿದ್ದ, ಅದನ್ನ ನಾಲ್ಕು ಸಾಲು ಮಾಡಿ ನನ್ನ ಮುಂದೆನೇ ಮೂರು ಸಲ ಹೇಳ್ಸಿದೆ.

ಹೋದ. ಅಣ್ಣ ಬೀದಿ ಜನ ಸೇರೋ ಹಾಗೆ ಕೂಗಾಡಿದ್ರಂತೆ, ಕೂಗಿ ಮುಗಿದ ಮೇಲೆ "ಗಾಡಿ ಯಾವತ್ತು ಸಿಗುತ್ತೆ ಅದನ್ನ ಹೇಳು" ಅಂದ್ರಂತೆ. ತುಮಕೂರಲ್ಲಿ ವಯಸ್ಸಾದ ಮೇಸ್ತ್ರಿ ಒಬ್ರು ಒಪ್ಕೊಂಡ್ರು, ಒಂದೇ ಷರತ್ತು, ಇವನೇ ಪಕ್ಕದಲ್ಲಿದ್ದು ಕೈಯಾರೆ ಮಾಡ್ಬೇಕು. ಒಂದೊಂದೇ ಕ್ಯಾಪು ಒಂದೊಂದು ರಾಡಿಗೆ ಕೂರ್ಸಿ ಗೇಜಲ್ಲಿ ಅಳೆದು ಜೋಡಿ ಹುಡುಕೋಕೆ ಒಂದು ಮಧ್ಯಾಹ್ನ ಹಿಡೀತಂತೆ. ಹೆಡ್ ಬೋಲ್ಟು ಮಧ್ಯದಿಂದ ಶುರು ಮಾಡಿ ಹೊರಗಡೆಗೆ, ಮೂರು ಸುತ್ತಲ್ಲಿ ಬಿಗಿ ಮಾಡ್ಸಿದ್ರು. ಹದಿನಾಲ್ಕನೇ ದಿನ ಗಾಡಿ ಸ್ಟಾರ್ಟ್ ಆಯ್ತು. ಅಡ್ವಾನ್ಸ್ ಪೂರ್ತಿ ಖರ್ಚಾಗಿ ಮೇಲೆ 6500 ಇವನ ಕೈಯಿಂದ ಬಿತ್ತು, ಅದನ್ನ ಅಕ್ಕನಿಗೆ ತಿಂಗಳು ತಿಂಗಳು ತೀರಿಸ್ತಿದಾನೆ.

ಭಯ ಪೂರ್ತಿ ಹೋಗಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ ಆ ಅಣ್ಣಂಗೆ ಫೋನ್ ಮಾಡಿ "ನೀರು ಕಮ್ಮಿ ಆಗಿದ್ಯಾ, ಆಯಿಲ್ ಬಣ್ಣ ಹೇಗಿದೆ" ಅಂತ ಕೇಳ್ತಿದ್ದ. ವಾರಕ್ಕೊಂದು ಸಲ ಸಾಕು, ಸೋಮವಾರ ಮಾತ್ರ ಮಾಡು ಅಂತ ಇಬ್ಬರೂ ಮಾತಾಡ್ಕೊಂಡ್ವಿ. ಹೋದ ಸೋಮವಾರ ಇವನು ಮಾಡೋ ಮೊದಲೇ ಅವರೇ ಮಾಡಿದ್ರಂತೆ, ಕ್ಲಚ್ ಯಾಕೋ ಜಾರ್ತಿದೆ, ಬಂದು ನೋಡು ಅಂತ.