ವಡೆ ತಿಂದು ಊಟ ಬಿಟ್ಟರೆ?

ಪ್ರಶ್ನೆ: ನನಗೆ 44. ಸಂಜೆ ಆರರ ಮೇಲೆ ಏನೂ ತಿನ್ನದಿದ್ದರೆ ತೂಕ ಇಳಿಯುತ್ತೆ ಅಂತ ಓರಗಿತ್ತಿ ಹೇಳಿದ್ದಕ್ಕೆ ರಾತ್ರಿ ಊಟ ಬಿಟ್ಟೆ. ತೂಕ ಹಾಗೇ ಇದೆ. ಹತ್ತಕ್ಕೆ ಯಜಮಾನರು ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ತಡೆಯೋಕಾಗಲ್ಲ, ಎರಡು ತುತ್ತು ತಿಂತೀನಿ. ಐದೂವರೆಗೆ ಕಾಫಿ ಜೊತೆ ಮದ್ದೂರು ವಡೆಯೋ ಕೋಡುಬಳೆಯೋ, ಅಷ್ಟೇ.
– ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಕಾಗದದ ಕೊನೇ ಸಾಲಿನಿಂದ ಶುರು ಮಾಡ್ತೀನಿ ತಾಯಿ. 1 ಗ್ರಾಂ ಹಿಟ್ಟಿನ ಪಿಷ್ಟದಲ್ಲಿ 4 ಕ್ಯಾಲೊರಿ, 1 ಗ್ರಾಂ ಎಣ್ಣೆಯಲ್ಲಿ 9. ಮದ್ದೂರು ವಡೆಗೆ ಮೈದಾ, ರವೆ, ಅಕ್ಕಿಹಿಟ್ಟು ಕಲಸುವಾಗಲೇ ಕಾದ ಎಣ್ಣೆ ಬೀಳುತ್ತೆ, ಆಮೇಲೆ ಎಣ್ಣೆಯಲ್ಲೇ ಕರೀತಾರೆ. ಊಟ ಬಿಟ್ಟು ಉಳಿಸಿದ್ದು ಅಲ್ಲೇ ಹೋಯ್ತು. ದೇಹ ಗಡಿಯಾರಕ್ಕಿಂತ ಹೆಚ್ಚಾಗಿ ಒಟ್ಟು ಲೆಕ್ಕ ನೋಡುತ್ತೆ.

ಮದ್ದೂರಿನ ಸೊಸೆ ನಾನು, ವಡೆ ಪೂರ್ತಿ ಬಿಡಿ ಅಂದರೆ ಅತ್ತೆ ಮನೆಗೆ ಸೇರಿಸಲ್ಲ. ಭಾನುವಾರ ಒಂದು ತಿನ್ನಿ. ಮಿಕ್ಕ ದಿನ ಕಡಲೆಕಾಳಿನ ಉಸ್ಲಿ ಅಥವಾ ಒಂದು ಹಿಡಿ ಹುರಿಗಡಲೆ, ಸೌತೆಕಾಯಿ. ಕಾಫಿಗೆ ಸಕ್ಕರೆ ಅರ್ಧ ಚಮಚ.

ಏಳೂವರೆಗೆ ನೀವು ಊಟ ಮುಗಿಸಿ: ಸಣ್ಣ ಮುದ್ದೆ, ಸೊಪ್ಪು ಕಾಳಿನ ಉಪ್ಸಾರು, ಪಲ್ಯ ಜಾಸ್ತಿ. ರಾಗಿ ಅಂತ ಎರಡು ಮುದ್ದೆ ನುಂಗಬೇಡಿ; ಕ್ಯಾಲೊರಿಯಲ್ಲಿ ರಾಗಿ, ಅಕ್ಕಿ ಹೆಚ್ಚುಕಡಿಮೆ ಒಂದೇ, ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು. ಯಜಮಾನರ ಜೊತೆ ಕೂರೋದು ತಪ್ಪಿಸಬೇಡಿ, ಕೈಯಲ್ಲಿ ನೀರು ಮಜ್ಜಿಗೆ ಇರಲಿ. ತಿಂದ ತಕ್ಷಣ ಮಲಗಿದರೆ ಅವರಿಗೂ ಎದೆಯುರಿ ಬರಬಹುದು.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇದ್ದರೆ ನಿಮ್ಮ ಡಾಕ್ಟರನ್ನು ಕೇಳದೆ ರಾತ್ರಿ ಊಟ ಬಿಡಲೇಬೇಡಿ.