ಕಟ್ಟಡದ ಮಾತು: ಗಾರೆಯಿಲ್ಲದ ಗೋಡೆ, ಕತ್ತರಿಸಲಾಗದ ಗಾಜು

ಪ್ರಶ್ನೆ: ತೋಟದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗಾರೆ, ಬಣ್ಣ ಏನೂ ಬೇಡ, ಕಾಂಕ್ರೀಟ್ ಹಾಗೇ ಕಾಣಬೇಕು, ಮುಂದೆ ಪೂರ್ತಿ ಗಾಜು ಇರಬೇಕು ಅನ್ನೋದು ಮಗಳ ಆಸೆ. ‘ಗಾರೆ, ಪುಟ್ಟಿ, ಪೇಂಟು ಎಲ್ಲಾ ಉಳೀತಲ್ಲ ಸಾರ್’ ಅನ್ನುತ್ತಾರೆ ಕಂಟ್ರಾಕ್ಟರ್. ನಿಜವಾಗಿ ಉಳಿಯುತ್ತಾ?
– ಓದುಗರೊಬ್ಬರು, ಸಕಲೇಶಪುರ

ಉಳಿಯಲ್ಲ ಸಾರ್. ಗಾರೆಯವರಿಗೆ ಹೋಗಬೇಕಾದ ದುಡ್ಡು ಸೆಂಟ್ರಿಂಗ್‌ನವರಿಗೆ, ಅಂದರೆ ಕಾಂಕ್ರೀಟ್ ಸುರಿಯೋಕೆ ಹಲಗೆಯ ಅಚ್ಚು ಕಟ್ಟುವವರಿಗೆ ಹೋಗುತ್ತದೆ, ಮೇಲೊಂದಿಷ್ಟು ಸೇರಿಸಿ. ನಮ್ಮಪ್ಪ ಸೆಂಟ್ರಿಂಗ್ ಬಡಗಿ. ಅವರ ಕಾಲದಲ್ಲಿ ಹಲಗೆ ಹೇಗಿದ್ದರೂ ನಡೆಯುತ್ತಿತ್ತು, ಹಿಂದೆಯೇ ಗಾರೆ ಬಂದು ಎಲ್ಲಾ ಮುಚ್ಚುತ್ತಿತ್ತು. ನಿಮ್ಮ ಮನೆಯಲ್ಲಿ ಮುಚ್ಚೋರು ಯಾರೂ ಇಲ್ಲ. ಅಚ್ಚಿನ ಪ್ಲೈವುಡ್ ಹೇಗಿದೆಯೋ ಗೋಡೆ ಹಾಗೆ.

ಅದಕ್ಕೇ ಮೊದಲು ಒಳ್ಳೆ ಬಡಗಿಯನ್ನು ಹುಡುಕಿ. ಕಾಣುವ ಗೋಡೆಗೆ ಮೇಲೆ ನುಣುಪಾದ ಫಿಲ್ಮ್ ಪದರ ಇರುವ ಪ್ಲೈ ಬೇಕು. ಒಂದೇ ಗೋಡೆಗೆ ಹೊಸದು ಹಳೇದು ಬೆರೆಸಬಾರದು. ಹಳೇ ಪ್ಲೈ ನೀರು ಹೀರುತ್ತೆ, ಹೊಸದು ಹೀರಲ್ಲ, ಬಿಚ್ಚಿದಾಗ ಗೋಡೆ ಎರಡು ಬಣ್ಣ. ಸಿಮೆಂಟ್ ಕೂಡ ಕೊನೆವರೆಗೂ ಒಂದೇ ಕಂಪನಿ, ಒಂದೇ ಬಗೆ. ಮರಳಿಗೂ ಅದೇ ಮಾತು. ಎಲ್ಲಾ ಗೋಡೆಗೂ ಒಂದೇ ಲೆಕ್ಕದ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿಸಿ. ಒಂದು ಗೋಡೆಯದ್ದು ಎರಡು ದಿನಕ್ಕೆ, ಇನ್ನೊಂದರದ್ದು ವಾರಕ್ಕೆ ಬಿಚ್ಚಿದರೆ ಅದೂ ಬಣ್ಣದಲ್ಲಿ ಗೊತ್ತಾಗುತ್ತದೆ.

ನನ್ನದೇ ಒಂದು ಕಥೆ ಹೇಳ್ತೀನಿ. 2012ರಲ್ಲಿ ಮೈಸೂರಿನ ಒಂದು ಮನೆ. ಮೆಟ್ಟಿಲ ಪಕ್ಕದ ಗೋಡೆಗೆ ಎರಡು ಪ್ಲೈ ಸೇರುವ ಸಂದಿಯಲ್ಲಿ ಫೋಮ್ ಟೇಪ್ ಹಾಕಿರಲಿಲ್ಲ. ಹುಡುಗ ಬಂದು ಕೇಳಿದ. ‘ಬಿಗಿಯಾಗಿದೆ, ಹೋಗ್ಲಿ ಬಿಡೋ’ ಅಂದವನು ನಾನೇ. ಕಾಂಕ್ರೀಟ್ ಕುಲುಕಿ ಕೂರಿಸುವ ವೈಬ್ರೇಟರ್ ಇಳಿಸಿದ್ದೇ ತಡ, ಸಂದಿಯಿಂದ ಸಿಮೆಂಟ್ ಹಾಲು ಸೋರಿಹೋಯಿತು. ಬಿಚ್ಚಿದಾಗ ಬೆರಳಗಲ, ಮೂರಡಿ ಉದ್ದಕ್ಕೆ ಜಲ್ಲಿ ಹಲ್ಲು ಕಿರಿದುಕೊಂಡು ನಿಂತಿತ್ತು. ಮಾಲೀಕರು ಬರುವಷ್ಟರಲ್ಲಿ ಮುಗಿಸೋಣ ಅಂತ ಮೇಸ್ತ್ರಿ ಸಿಮೆಂಟ್ ಕಲಸಿ ತುಂಬಿದರು. ಒಣಗಿದ ಮೇಲೆ ಅದು ಸುತ್ತಲಿನ ಗೋಡೆಗಿಂತ ಕಪ್ಪಗೆ ಕಂಡಿತು. ಮುಂಚಿಗಿಂತ ಜಾಸ್ತಿ ಎದ್ದು ಕಾಣುತ್ತಿತ್ತು! ತೇಪೆಗೆ ಸ್ವಲ್ಪ ಬಿಳಿ ಸಿಮೆಂಟ್ ಬೆರೆಸಬೇಕು, ಎಷ್ಟು ಅಂತ ಕಾಣದ ಕಡೆ ಹಚ್ಚಿ, ಒಣಗಿಸಿ ನೋಡಬೇಕು ಅಂತ ಆಮೇಲೆ ಕಲಿತೆ. ಈಗಲೂ ಆ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಚಾವಣಿಗೆ ಇನ್ನೊಂದು ಕಾಟ ಇದೆ. ಕಂಬಿ ಕಟ್ಟುವಾಗ ಬೈಂಡಿಂಗ್ ವೈರಿನ ತುಂಡುಗಳು ಪ್ಲೈ ಮೇಲೆ ಉದುರುತ್ತವೆ. ಅವತ್ತು ಏನೂ ಕಾಣಲ್ಲ. ಒಂದು ಮಳೆಗಾಲ ಕಳೆಯಲಿ, ಚಾವಣಿ ತುಂಬಾ ತುಕ್ಕಿನ ಚುಕ್ಕೆ. ಕಾಂಕ್ರೀಟ್ ಹಾಕುವ ಬೆಳಿಗ್ಗೆ ಒಬ್ಬರ ಕೈಗೆ ದಾರ ಕಟ್ಟಿದ ಅಯಸ್ಕಾಂತ ಕೊಟ್ಟು ಕಂಬಿ ಸಂದಿಯಲ್ಲೆಲ್ಲಾ ಆಡಿಸಿ. ಪ್ಲೈ ಮೇಲೆ ಮಾರ್ಕರಿನಲ್ಲಿ ಬರೆಯೋಕೂ ಬಿಡಬೇಡಿ. ಒಂದು ಮನೆಯ ಊಟದ ಕೋಣೆಯ ಚಾವಣಿಯಲ್ಲಿ ನಮ್ಮ ಬಡಗಿಯ ಟೀ ಲೆಕ್ಕ ಇವತ್ತಿಗೂ ಉಲ್ಟಾ ಅಕ್ಷರದಲ್ಲಿದೆ. ಆ ಮನೆಯವರು ಅದನ್ನು ಅಳಿಸೋಕೆ ಒಪ್ಪಲಿಲ್ಲ, ನನ್ನ ಪುಣ್ಯ.

ಮಗಳು ಬಹುಶಃ ಜಪಾನಿನ ಆರ್ಕಿಟೆಕ್ಟ್ ತಡಾವೊ ಆಂಡೊ ಕಟ್ಟಿದ ಮನೆಗಳ ಫೋಟೋ ನೋಡಿರಬೇಕು, ಅಲ್ವಾ? ಗೋಡೆ ಮೇಲೆ ಸಾಲಾಗಿ ದುಂಡನೆ ಗುಳಿ ಇರುತ್ತವಲ್ಲ, ಅದು ಅಲಂಕಾರಕ್ಕೆ ಅಂತ ಮಾಡಿದ್ದಲ್ಲ. ಎರಡೂ ಕಡೆಯ ಹಲಗೆ ಬಿಗಿಯೋಕೆ ಹಾಕಿದ ಟೈ ರಾಡಿನ ಜಾಗ. ಅಲ್ಲಿ ಹಲಗೆಯ ಅಳತೆ 90 ಸೆಂಟಿಮೀಟರ್‌ಗೆ 180. ಗೆರೆ, ಗುಳಿ ಎಲ್ಲಿ ಬರಬೇಕು ಅಂತ ಮೊದಲೇ ಗೆರೆ ಎಳೆದು ಕಟ್ಟುತ್ತಾರೆ. ನಮ್ಮಲ್ಲಿ ಸಿಗುವುದು 8 ಅಡಿಗೆ 4 ಅಡಿ ಪ್ಲೈ. ನಿಮ್ಮ ಗೋಡೆಯ ಎತ್ತರ, ಕಿಟಕಿ ಜಾಗ ಆ ಅಳತೆಗೆ ಹೊಂದಿಸಿಕೊಳ್ಳಿ. ಪ್ಲೈ ಜೋಡಣೆಯ ನಕ್ಷೆ ಬೇರೆಯೇ ಬೇಕು ಅಂತ ಆರ್ಕಿಟೆಕ್ಟ್ ಹತ್ತಿರ ಕೇಳಿ. ಇಲ್ಲಾಂದ್ರೆ ಕೊನೆಗೆ ಮೂಲೆಯಲ್ಲಿ ಐದಿಂಚಿನ ಪಟ್ಟಿ ತುರುಕುತ್ತಾರೆ, ಅದು ಜೀವನಪೂರ್ತಿ ಕಾಣುತ್ತದೆ.

ನಿಮ್ಮೂರಿನ ಮಳೆಗೆ ಬಯಲು ಕಾಂಕ್ರೀಟ್ ಪಾಚಿ ಹಿಡಿದು ಕಪ್ಪಾಗುವುದು ಖಂಡಿತ. ನೀರು ಹೀರದಂತೆ ಸಿಲೇನ್ ಬಗೆಯ ದ್ರವ ಹೊಡೆಸಿ, ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಅದಕ್ಕಿಂತ ಉದ್ದನೆ ಸಜ್ಜಾ ಒಳ್ಳೆಯದು. ಹಾಂ, ಮೊದಲ ಗೋಡೆಯನ್ನೇ ಹಾಲ್‌ನಲ್ಲಿ ಮಾಡಿಸಬೇಡಿ. ಸಂಪಿನ ಹತ್ತಿರವೋ ಹಿತ್ತಲಲ್ಲೋ ನಾಲ್ಕಡಿಯ ಮಾದರಿ ಗೋಡೆ ಎತ್ತಿಸಿ. ಅದನ್ನು ನೋಡಿ ಒಪ್ಪಿದ ಮೇಲೆ ಮುಂದಿನ ಮಾತು.

ಪ್ರಶ್ನೆ: ಕಾಂಕ್ರೀಟ್ ಸಜ್ಜಾದ ಕೆಳಗಿನ ದೊಡ್ಡ ಗಾಜಿನ ಮೇಲೆ ಬಿಳಿ ಗೀರು ಇಳಿದಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಮನೆಗೆ ಇನ್ನೂ ಒಂದು ವರ್ಷ.
– ಓದುಗರೊಬ್ಬರು, ಮಂಗಳೂರು

ಅದು ಕೊಳೆಯಲ್ಲ ಮೇಡಂ. ಹೊಸ ಕಾಂಕ್ರೀಟಿನ ಮೇಲೆ ಹರಿದ ಮಳೆನೀರು ಸುಣ್ಣದಂಶ ಹೊತ್ತು ತರುತ್ತದೆ. ಆ ಕ್ಷಾರದ ನೀರು ಗಾಜಿನ ಮೇಲೆ ಬಿದ್ದು, ಒಣಗಿ, ಮತ್ತೆ ಬಿದ್ದು ಗಾಜನ್ನೇ ತಿನ್ನುತ್ತದೆ. ಮೊದಲ ವಾರಗಳಲ್ಲೇ ನೀರು, ವಿನಿಗರ್ ಹಾಕಿ ತೊಳೆದಿದ್ದರೆ ಹೋಗುತ್ತಿತ್ತು. ಈಗ ಉಗುರಿನಿಂದ ಸವರಿ ನೋಡಿ. ಪದರ ಸಿಕ್ಕಿದರೆ ವಿನಿಗರ್ ಇನ್ನೂ ಕೆಲಸ ಮಾಡಬಹುದು. ನುಣುಪಾಗಿದ್ದೂ ಮಸುಕಾಗಿದ್ದರೆ ಗಾಜು ಸವೆದಿದೆ, ಪಾಲಿಶ್‌ನವರನ್ನೇ ಕರೆಸಬೇಕು. ಬಾತ್‌ರೂಮ್ ಆಸಿಡ್ ಮಾತ್ರ ಮುಟ್ಟಬೇಡಿ, ಅಲ್ಯೂಮಿನಿಯಂ ಫ್ರೇಮೂ ಕಾಂಕ್ರೀಟೂ ಎರಡೂ ಹಾಳು.

ಮುಂದಿನ ಮಳೆಗಾಲದೊಳಗೆ ಸಜ್ಜಾದ ಅಡಿ ಅಂಚು ನೋಡಿಸಿ. ಅಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರಬೇಕು, ಡ್ರಿಪ್ ಮೋಲ್ಡ್ ಅನ್ನುತ್ತೇವೆ. ನೀರು ಅಲ್ಲಿಗೇ ನಿಂತು ಕೆಳಕ್ಕೆ ತೊಟ್ಟಿಕ್ಕುತ್ತದೆ, ಗಾಜಿನ ಕಡೆ ಓಡಲ್ಲ. ಪ್ಲೈ ಮೇಲೆ ಒಂದು ಪಟ್ಟಿ ಮೊಳೆ ಹೊಡೆದಿದ್ದರೆ ಆಗುತ್ತಿದ್ದ ಕೆಲಸ. ಈಗ ಕೆಳಗಡೆ ಅಲ್ಯೂಮಿನಿಯಂ ಆಂಗಲ್ ಅಂಟಿಸಿ.

ಪ್ರಶ್ನೆ: ಟಫನ್ಡ್ ಗಾಜು ಅರ್ಧ ಇಂಚು ದೊಡ್ಡದು ಬಂದಿದೆ. ಕತ್ತರಿಸಿ ಕೊಡಿ ಅಂದರೆ ಅಂಗಡಿಯವರು ಆಗಲ್ಲ ಅನ್ನುತ್ತಾರೆ. ಸುಮ್ನೆ ಹೇಳ್ತಿದ್ದಾರಾ?
– ಓದುಗರೊಬ್ಬರು, ಕಲಬುರಗಿ

ನಿಜ ಹೇಳ್ತಿದ್ದಾರೆ. ಆ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸಿರುತ್ತಾರೆ. ಹೊರಮೈ ಒತ್ತಿಕೊಂಡು, ಒಳಗೆ ಎಳೆದುಕೊಂಡು ನಿಂತಿರುತ್ತದೆ. ಕಟರ್ ಇಟ್ಟರೆ ಪೂರ್ತಿ ಪುಡಿಪುಡಿ. ಅಳತೆ, ಹಿಡಿಕೆಯ ತೂತು ಎಲ್ಲಾ ಕಾಯಿಸುವ ಮೊದಲೇ ಆಗಬೇಕು.

ಅಳತೆ ಕೊಟ್ಟವರು ಯಾರು? ಡ್ರಾಯಿಂಗ್ ನೋಡಿ ಕೊಟ್ಟಿದ್ದರೆ ತಪ್ಪು ಅಲ್ಲೇ. ಫ್ರೇಮ್ ಕೂರಿಸಿ ಆದ ನಂತರ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ ಹಿಡಿದು, ಇದ್ದದ್ದರಲ್ಲಿ ಚಿಕ್ಕದನ್ನು ತಗೊಳ್ಳಬೇಕು. ಅದರಲ್ಲೂ ರಬ್ಬರ್ ಪ್ಯಾಕಿಂಗ್‌ಗೆ ಜಾಗ ಬಿಡಬೇಕು. ಮೇಲಿನ ಬೀಮ್ ವರ್ಷಗಳಲ್ಲಿ ಒಂದಿಷ್ಟು ಬಾಗುತ್ತದೆ. ಬಿಗಿಯಾಗಿ ತುರುಕಿದ ಗಾಜಿನ ಮೇಲೆ ಆ ಭಾರ ಕೂತರೆ ಒಂದು ಮಧ್ಯಾಹ್ನ ತಾನಾಗೇ ಒಡೆಯುತ್ತದೆ. ಈ ಗಾಜನ್ನು ಬೇರೆ ದೊಡ್ಡ ಕಿಟಕಿಗೆ ಬಳಸಿ, ಹೊಸದು ಬರೆಸಿ.

ಪ್ರಶ್ನೆ: ಚಾವಣಿಯ ಬೆಳಕಿಂಡಿಗೆ ದಪ್ಪನೆ ಟಫನ್ಡ್ ಗಾಜು ಸಾಕಾ?
– ಓದುಗರೊಬ್ಬರು, ತುಮಕೂರು

ಸಾಲದು. ತಲೆ ಮೇಲೆ ಬರುವ ಗಾಜು ಲ್ಯಾಮಿನೇಟೆಡ್ ಆಗಿರಲಿ. ಎರಡು ಗಾಜಿನ ನಡುವೆ ಅಂಟಿನ ಹಾಳೆ ಇರುವುದರಿಂದ ಒಡೆದರೂ ಚೂರು ಕೆಳಗೆ ಉದುರಲ್ಲ. ಟಫನ್ಡ್ ಒಂದೇ ಆದರೆ ಊಟದ ತಟ್ಟೆಗೇ ಬೀಳುತ್ತದೆ.