ಹಸಿರನ್ನು ತೆಗೆಯಿರಿ, ಕಪ್ಪನ್ನು ಬಿಡಿ

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಹದಿನಾಲ್ಕು ಹಳೆಯ ಬೆಳ್ಳಿ ನಾಣ್ಯ ಸಿಕ್ಕಿವೆ. ಮೆತ್ತನೆಯ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್‌ನಲ್ಲಿದ್ದವು. ಕೆಲವು ಕಪ್ಪಾಗಿವೆ, ಒಂದರ ಅಂಚಿಗೆ ನೀಲಿ-ನೇರಳೆ ಬಣ್ಣ ಬಂದಿದೆ, ಎರಡರ ಮೇಲೆ ಹಸಿರು ಅಂಟು. ಟೂತ್‌ಪೇಸ್ಟ್ ಹಾಕಿ ಉಜ್ಜು ಎನ್ನುತ್ತಾಳೆ ಅಕ್ಕ. ಅಲ್ಯೂಮಿನಿಯಂ ಹಾಳೆ, ಸೋಡಾ ಸಾಕು ಎನ್ನುತ್ತಾರೆ ಭಾವ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ.

ಅಕ್ಕ ಹೇಳಿದ್ದನ್ನು ನಾನು ಹದಿನೈದನೇ ವಯಸ್ಸಿನಲ್ಲೇ ಮಾಡಿ ನೋಡಿದ್ದೇನೆ. ಅಪ್ಪ ಕೊಟ್ಟ ನಾಣ್ಯವನ್ನು ಬೆರಳಿಗೆ ಪೇಸ್ಟ್ ಹಚ್ಚಿಕೊಂಡು ಉಜ್ಜಿದೆ. ಎರಡೇ ನಿಮಿಷಕ್ಕೆ ಬೆಳ್ಳಗಾಯಿತು. ಕಿಟಕಿಯ ಬಳಿ ಓರೆಯಾಗಿ ಹಿಡಿದಾಗ ಎದೆ ಧಸಕ್ಕೆಂದಿತು: ಬೆರಳು ಸುತ್ತಿದ ದಾರಿಯುದ್ದಕ್ಕೂ ಕೂದಲೆಳೆಯಂಥ ಗೀರುಗಳು. ಗಡಸುತನವನ್ನು 1ರಿಂದ 10ರವರೆಗೆ ಎಣಿಸುವ ಮೋಸ್ ಅಳತೆಯಲ್ಲಿ ಬೆಳ್ಳಿಯದು 2.5ರಿಂದ 3, ಹಲ್ಲಿನ ಎನಾಮಲ್‌ನದು ಸುಮಾರು 5. ಹಲ್ಲು ತಡೆದುಕೊಳ್ಳುವ ಪೇಸ್ಟನ್ನು ಬೆಳ್ಳಿ ತಡೆದುಕೊಳ್ಳುವುದಿಲ್ಲ. ನಾಣ್ಯದ ಮೇಲೆ ಕೂತ ಧೂಳಿನಲ್ಲಿರುವ ಮರಳಿನ ಕಣಕ್ಕಂತೂ 7ರ ಗಡಸು. ಆದ್ದರಿಂದ ಒಣಬಟ್ಟೆಯಲ್ಲಿ ಒರೆಸುವುದೂ ತಪ್ಪೇ. ಆ ನಾಣ್ಯ ಈಗಲೂ ನನ್ನ ಮೇಜಿನ ಮೇಲಿದೆ, ಕಾಗದ ಹಾರದಂತೆ ಅದುಮಿಕೊಂಡು.

ಇನ್ನು ಭಾವನ ಉಪಾಯ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು ನಾನು, ಅದನ್ನು ತರಗತಿಯಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್‌ನಂಥ ಗಂಧಕದ ಅನಿಲಗಳು ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತವೆ, ನಿಮಗೆ ಕಾಣುವ ಕಪ್ಪು ಅದೇ. ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅಲ್ಯೂಮಿನಿಯಂ ತಗುಲಿದರೆ ಗಂಧಕ ಬಿಟ್ಟುಹೋಗಿ ಬೆಳ್ಳಿ ಮರಳುತ್ತದೆ. ಮರಳುತ್ತದೇನೋ ಸರಿ, ಮೊದಲಿದ್ದಷ್ಟು ನುಣುಪಾಗಿ ಕೂರುವುದಿಲ್ಲ. ನಾಣ್ಯ ಸುಣ್ಣ ಬಳಿದಂತೆ ಮಂಕಾಗುತ್ತದೆ. ಚಮಚ, ಲೋಟಕ್ಕೆ ಧಾರಾಳವಾಗಿ ಮಾಡಿಕೊಳ್ಳಲಿ. ಬಾಟಲಿಯಲ್ಲಿ ಸಿಗುವ, ಆಮ್ಲ ಮತ್ತು ಥಯೋಯೂರಿಯಾ ಬೆರೆಸಿದ ಅದ್ದುವ ದ್ರಾವಣವೂ ಮೇಲ್ಮೈಯನ್ನು ತಿನ್ನುತ್ತದೆ. ಟಂಕಿಸುವಾಗ ಲೋಹ ಹರಿದು ಮೂಡಿದ ಸೂಕ್ಷ್ಮ ಗೆರೆಗಳಿಂದಲೇ ಹೊಸ ನಾಣ್ಯವನ್ನು ಓರೆ ಮಾಡಿದಾಗ ಬೆಳಕು ಗಾಲಿಯಂತೆ ತಿರುಗುವುದು. ಅದ್ದಿದಷ್ಟೂ ಆ ಗೆರೆ ಸವೆಯುತ್ತದೆ.

ಕಪ್ಪು ಪದರದಲ್ಲಿರುವುದು ನಾಣ್ಯದ್ದೇ ಬೆಳ್ಳಿ, ಅದನ್ನು ಕಿತ್ತರೆ ನಾಣ್ಯವನ್ನೇ ಕಿತ್ತಂತೆ. ಪದರ ತೆಳುವಾಗಿದ್ದಾಗ ಹಳದಿ, ಕೆಂಪು, ನೀಲಿ ಕಾಣುತ್ತದೆ, ಒದ್ದೆ ರಸ್ತೆಗೆ ಚೆಲ್ಲಿದ ಎಣ್ಣೆಯಲ್ಲಿ ಬಣ್ಣ ಕಂಡಂತೆ. ದಪ್ಪವಾದಾಗ ಕಪ್ಪು. ಸಂಗ್ರಾಹಕರು ಇದಕ್ಕೆ ಟೋನಿಂಗ್ ಎನ್ನುತ್ತಾರೆ. ನಿಮ್ಮ ಆ ನೀಲಿ-ನೇರಳೆ ಅಂಚಿಗಾಗಿಯೇ ಹೆಚ್ಚು ಕೊಡುವವರಿದ್ದಾರೆ, ಮುಟ್ಟಬೇಡಿ.

ತುರ್ತಾಗಿ ನೋಡಬೇಕಾದದ್ದು ಹಸಿರು ಅಂಟನ್ನು. ಮೆತ್ತನೆಯ ಪಿವಿಸಿ ಹಾಳೆಯಿಂದ ಎಣ್ಣೆಯಂಥ ವಸ್ತು ಒಸರುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಆಮ್ಲವೂ ಬಿಡುಗಡೆಯಾಗಿ, ಬೆಳ್ಳಿಗೆ ಬೆರೆಸಿರುವ ತಾಮ್ರವನ್ನು ತಿನ್ನುತ್ತದೆ. ಇದಕ್ಕೆ ಶುದ್ಧ ಅಸಿಟೋನ್ ಬೇಕು. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿರುವ ಎಣ್ಣೆ, ಸುಗಂಧ ನಾಣ್ಯದ ಮೇಲೆ ಉಳಿಯುತ್ತದೆ. ಕಿಟಕಿ ತೆರೆದಿಡಿ. ಒಲೆ, ದೀಪ, ಸಿಗರೇಟು ಹತ್ತಿರ ಸುಳಿಯಬಾರದು, ಅಸಿಟೋನ್ ಆವಿಗೆ ಕಿಡಿಯೊಂದು ಸಾಕು. ಎರಡು ಗಾಜಿನ ಬಟ್ಟಲು ತೆಗೆದುಕೊಳ್ಳಿ, ಕೆಲವು ಪ್ಲಾಸ್ಟಿಕ್ ಇದರಲ್ಲಿ ಕರಗಿಯೇ ಹೋಗುತ್ತವೆ. ಮೊದಲನೆಯದರಲ್ಲಿ ನಾಣ್ಯ ಮುಳುಗಿಸಿ, ಗಾಜಿನ ತಟ್ಟೆ ಮುಚ್ಚಿ, ಒಂದು ಗಂಟೆ ಬಿಡಿ. ಅಂಚು ಹಿಡಿದೆತ್ತಿ ಒಣಗುವ ಮೊದಲೇ ಎರಡನೆಯದರ ಹೊಸ ಅಸಿಟೋನ್‌ಗೆ ಹಾಕಿ. ಒಣಗಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಆಮೇಲೆ ಗಾಳಿಗೆ ಆರಲಿ, ಒರೆಸಬೇಡಿ. ಅಂಟು ಉಳಿದಿದ್ದರೆ ಇನ್ನೊಮ್ಮೆ. ಹಸಿರು ಆಗಲೇ ಒಳಗೆ ಕೊರೆದಿದ್ದರೆ ಕೆಳಗೆ ಗುಳಿ ಕಾಣಿಸುತ್ತದೆ, ಅದು ತುಂಬುವುದಿಲ್ಲ.

ಬರೀ ಧೂಳು, ಬೆರಳಿನ ಜಿಡ್ಡಾದರೆ ಡಿಸ್ಟಿಲ್ಡ್ ನೀರಿಗೆ ಒಂದು ತೊಟ್ಟು ಸೌಮ್ಯ ಸೋಪು ಹಾಕಿ ನೆನೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಮೆತ್ತನೆಯ ಹತ್ತಿಬಟ್ಟೆಯ ನಡುವೆ ಒತ್ತಿ ತೆಗೆಯಿರಿ. ನಲ್ಲಿ ನೀರಿನ ಲವಣ, ಕ್ಲೋರಿನ್ ಕಲೆ ಬಿಡುತ್ತವೆ. ಯಾವುದಾದರೂ ಅಪರೂಪದ್ದೆಂಬ ಅನುಮಾನ ಬಂದರೆ ನೀರೂ ಬೇಡ, ಮೊದಲು ಬಲ್ಲವರಿಗೆ ತೋರಿಸಿ.

ಪ್ರಶ್ನೆ: ನಾನು ಆಗಲೇ ಪಾಲಿಶ್ ಹಚ್ಚಿ ಉಜ್ಜಿಬಿಟ್ಟಿದ್ದೇನೆ. ಸರಿಪಡಿಸಬಹುದೇ?

ಉತ್ತರ: ಗೀರು ಹೋಗುವುದಿಲ್ಲ. ಪಾಲಿಶ್‌ನ ಜಿಡ್ಡನ್ನು ಅಸಿಟೋನ್‌ನಲ್ಲಿ ತೆಗೆದು ಸುಮ್ಮನಿರಿ, ವರ್ಷಗಳು ಕಳೆದಂತೆ ತಾನಾಗಿ ಬಣ್ಣ ತಿರುಗುತ್ತದೆ. ಮಾರುವಾಗ ಮಾತ್ರ ಉಜ್ಜಿದ ವಿಷಯ ಮುಚ್ಚಿಡಬೇಡಿ. ನೀವು ಹೇಳದಿದ್ದರೂ ಭೂತಗನ್ನಡಿ ಹೇಳುತ್ತದೆ.

ಪ್ರಶ್ನೆ: ನಾಣ್ಯಗಳನ್ನು ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡುವುದು ನನ್ನ ರೂಢಿ. ಸರಿಯೇ?

ಉತ್ತರ: ಇವತ್ತೇ ಬಿಚ್ಚಿ. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಹಾಕಿ. ಅಗ್ಗದ ಕಾಗದ, ರಟ್ಟುಗಳಲ್ಲೂ ಗಂಧಕ ಇರಬಹುದು. ಪಿವಿಸಿ ಇಲ್ಲದ ಪಾಲಿಯೆಸ್ಟರ್ ಲಕೋಟೆ ಅಥವಾ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಕೊಳ್ಳಿ, ಡಬ್ಬಿಯೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಚ್ಚಿದಾಗ ನಾಣ್ಯದ ನಡುವೆ ಅಡ್ಡಗೆರೆಯೊಂದು ಕಪ್ಪಗೆ ಕಂಡರೆ ಅದು ಬ್ಯಾಂಡಿನ ಗುರುತು. ಅದನ್ನೂ ಉಜ್ಜಲು ಹೋಗಬೇಡಿ.